ಹನ್ನೆರಡನೆಯ ಕಲ್ಲು

ವಿರಾಜಪೇಟೆಯ ಕೋರ್ಟಿನೆದುರು, ಝೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ
ಒಂದು ಮೇಜು, ಎರಡು ಸ್ಟೂಲು, ನಾನು.
ವಕೀಲಳಲ್ಲ. ಟೈಪಿಸ್ಟ್ ಜಸಿಂತಾ.
ಇಪ್ಪತ್ತಾರು ವರ್ಷದಲ್ಲಿ ಎಷ್ಟು ಮದುವೆಗಳನ್ನು
ಎರಡು ಸಾಲಿನ ಅಂತರ ಬಿಟ್ಟು ಬಡಿದಿದ್ದೇನೋ
ಈ ಬೆರಳುಗಳಿಗೇ ಲೆಕ್ಕ ತಪ್ಪಿದೆ.

ಸಂತೆಯ ದಿನ, ಚೀಲದಲ್ಲಿ ಸೌತೆಕಾಯಿಯ ಮೇಲೆ
ಸ್ಟಾಂಪ್ ಪೇಪರು ಮಲಗಿಸಿಕೊಂಡು ಬಂದಳು ಚೋಂದಮ್ಮ.
ಜೊತೆಗೊಂದು ನಾಲ್ಕು ವರ್ಷದ ಹುಡುಗಿ.
ಪೇಪರಿನ ಕೆಳಗೆ ಅವನ ಸಹಿ, ಮೇಲೆಲ್ಲ ಖಾಲಿ.
"ಅವರೇ ಕಳಿಸಿದ್ದಕ್ಕಾ. ನಾನೂ ಸಹಿ ಹಾಕಿದರೆ
ಇಬ್ಬರೂ ಒಪ್ಪಿ ಬೇರೆಯಾದ ಹಾಗಂತೆ.
ನೀವೇ ಏನಾದರೂ ತುಂಬಿಬಿಡಿ."

ಏನಾದರೂ!
ಖಾಲಿ ಹಾಳೆ ಕಂಡರೆ ನನಗೆ ಜಿಗಣೆ ಕಂಡಂತೆ.
ಕಚ್ಚಿದ್ದು ತಿಳಿಯುವುದಿಲ್ಲ,
ಕಾಲು ಒದ್ದೆಯಾದ ಮೇಲೆ ಬಗ್ಗಿ ನೋಡುತ್ತೇವೆ.
ಒಪ್ಪಿ ಬೇರೆಯಾಗುವುದೂ ಹೀಗೆ ಸಂತೆಯಲ್ಲಿ ಮುಗಿಯುವುದಲ್ಲ ಮಗೂ,
ಕೋರ್ಟು ಎರಡು ಸಲ ಕೇಳುತ್ತದೆ,
ನಡುವೆ ತಿಂಗಳುಗಟ್ಟಲೆ ಕಾಯಿಸುವುದೂ ಉಂಟು,
ಬೇಡ ಎನ್ನಲು ನಿನಗೂ ಬಾಯಿ ಇದೆ ಎಂದು.

ಹೊಡೆದನೇ?
"ಇಲ್ಲಕ್ಕಾ, ಒಮ್ಮೆಯೂ ಇಲ್ಲ.
ನಾನು ಎದುರು ಮಾತಾಡಿದಾಗೆಲ್ಲ
ಗೋಡೆಯಿಂದ ಕೋವಿ ಇಳಿಸಿ
ಎಣ್ಣೆ ಹಾಕಿ ಒರೆಸುತ್ತಾರೆ.
ಅಷ್ಟೆ."

ಅಷ್ಟೆ ಎಂಬ ಮಾತನ್ನು ನಾನು ಟೈಪು ಮಾಡುವುದಿಲ್ಲ.
ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ಹೂ ಮುಡಿಸುತ್ತೀರಿ, ಸರಿ.
ಉಳಿದ ದಿನ ಯಾಕೆ ಇಳಿಯಿತು? ತಾರೀಖು ಹೇಳು.
ತಾರೀಖು ನೆನಪಿಲ್ಲವೇ, ಕಾಫಿ ಹೂವಾಗಿತ್ತೇ,
ಕಣದಲ್ಲಿ ಹಣ್ಣು ಒಣಗುತ್ತಿತ್ತೇ, ಅದನ್ನು ಹೇಳು.
ಅವಳು ಬೆರಳು ಮಡಚತೊಡಗಿದಳು.
ಏಳಕ್ಕೆ ನಿಂತಳು,
ಸೀರೆಯ ಅಂಚು ನೋಡಿದಳು,
ಇನ್ನೊಂದು ಕೈ ತೆಗೆದಳು.

ಒಡವೆ?
"ಅತ್ತೆಯ ಬೀರುವಿನಲ್ಲಿ."
ಬೀರು ಅತ್ತೆಯದು, ಒಳಗಿನದು ನಿನ್ನದು.
ಜೋಮಾಲೆ, ಕೊಕ್ಕೆತಾತಿ, ಅಮ್ಮನ ಪತ್ತಾಕು, ಒಂದೊಂದೇ ಬರೆ.
ತೂಕ ಗೊತ್ತಿಲ್ಲದಿದ್ದರೆ ಮದುವೆಯ ಫೋಟೋ ತಾ,
ಫೋಟೋಗೆ ಯಾರೂ ಬೀಗ ಹಾಕಿಲ್ಲವಷ್ಟೆ.
"ಮನೆ? ಅದು ಅವರ ಜಮ್ಮಾ ಜಾಗ, ನನ್ನ ಹೆಸರೇ ಇಲ್ಲ."
ಹೆಸರು ಬೇಡ. ಬಾಳಿದ ಮನೆಯಿಂದ ಹೆಂಡತಿಯನ್ನು
ಚೀಲದ ಜೊತೆ ಅಂಗಳಕ್ಕಿಳಿಸುವಂತಿಲ್ಲ, ಕಾನೂನು ಹಾಗೆನ್ನುತ್ತದೆ.
ಮೆಲ್ಲಗೆ ಎನ್ನುತ್ತದೆ.
ಆ ಮನೆಗೆ ಅದು ಕೇಳಿಸಲೆಂದೇ ಇಷ್ಟು ಕಾಗದ.

ನಾನು ಇಗರ್ಜಿಯವಳು. ನಿಮ್ಮ ಶಾಸ್ತ್ರ
ಟೈಪು ಮಾಡಿ ಮಾಡಿ ಕಲಿತದ್ದು.
ಸಂಬಂಧ ಕೊಡುವಾಗ ಹನ್ನೆರಡು ಕಲ್ಲಂತೆ,
ಹನ್ನೊಂದು ಗಂಡನ ಕಡೆಗೆ,
ಒಂದನ್ನು ತವರು ಉಳಿಸಿಕೊಳ್ಳುವುದಂತೆ,
ತಿರುಗಿ ಬಂದರೆ ಜಾಗವಿದೆ ಎಂದು.
ಎಲ್ಲಿದೆ ನಿನ್ನ ಕಲ್ಲು?

ಬಂದು ಒಂದು ಗಂಟೆಗೆ ಆಗ ನಕ್ಕಳು.
"ಅತ್ತಿಗೆ ಗುಡಿಸಿ ಹಾಕಿರಬೇಕಕ್ಕಾ.
ಅಣ್ಣನ ಫೋನು ಎರಡು ತಿಂಗಳಿಂದ ಬಿಝಿ."

ಹಾಗಾದರೆ ಒಳಗೆ ಹೋಗು. ಮೆಟ್ಟಿಲ ಎಡಕ್ಕೆ
ಉಚಿತ ನೆರವಿನ ಕೋಣೆ. ಹೆಣ್ಣಾದರೆ ಸಾಕು,
ವರಮಾನ ಕೇಳುವುದಿಲ್ಲ, ವಕೀಲರನ್ನು ಕೊಡುತ್ತಾರೆ.
ಮುಬೀನಾ ಇದ್ದರೆ ಅವಳನ್ನೇ ಕೇಳು.
ಮೊದಲು ಕೋವಿ ಹೇಳು, ಆಮೇಲೆ ಒಡವೆ.
ಮಗುವಿನ ಖರ್ಚು ಕೇಳಲು ನಾಚಬೇಡ, ಅದು ಭಿಕ್ಷೆಯಲ್ಲ.
ಅಳು ಬಂದರೆ ಅತ್ತುಕೋ, ತಾರೀಖು ಮಾತ್ರ ತಪ್ಪಿಸಬೇಡ.
ಮತ್ತೆ ಆ ಖಾಲಿ ಹಾಳೆ,
ಹರಿಯಬೇಡ ಮಾರಾಯ್ತಿ, ಜೋಪಾನ,
ಅವನೇ ಬರೆದುಕೊಟ್ಟ ಸಾಕ್ಷಿ ಅದು.

ಬೆಟ್ಟದ ಕಡೆಯ ಗಾಳಿ ಮೇಜಿನ ಮೇಲೆ ಕೈಯಾಡಿಸಿತು.
ಒಡವೆಯ ಪಟ್ಟಿ ಹಾರಿ ಚರಂಡಿಯವರೆಗೆ ಹೋಯಿತು.
ಹುಡುಗಿ ಓಡಿ ಹಿಡಿದು ತಂದಳು,
ಮತ್ತೆ ಹಾರದಿರಲೆಂದು
ಕೋರ್ಟಿನ ಅಂಗಳದ ಜಲ್ಲಿಯಲ್ಲಿ ಹುಡುಕಿ
ಒಂದು ಕಲ್ಲು ಅದರ ಮೇಲಿಟ್ಟಳು.
ತಾಯಿ ನೋಡಲಿಲ್ಲ. ಚಿಲ್ಲರೆ ಎಣಿಸುತ್ತಿದ್ದಳು,
ಇಪ್ಪತ್ತು ರೂಪಾಯಿ ಕಡಿಮೆ ಬಂತು.

ಸಂಜೆ ಮೇಜು ಮಡಚುವಾಗ
ಕಲ್ಲನ್ನು ಎಸೆಯಲು ಎತ್ತಿದೆ,
ಡ್ರಾಯರಿಗೆ ಹಾಕಿದೆ.
ನಾಳೆಯೂ ಗಾಳಿ ಇದ್ದೇ ಇರುತ್ತದೆ.