ದಿಕ್ಕು ಬದಲಾಗುವ ಹೊತ್ತು

ಸಭೆಗೆ ಬಂದವರು ಮೂವರು.
ಕುರ್ಚಿ ಹನ್ನೆರಡು ಹಾಕಿದ್ದೆ.
ಹಾಕುವಾಗಲೇ ಗೊತ್ತಿತ್ತು, ಆದರೂ ಹಾಕಿದೆ.
ಕ್ಲಾಕ್ಸ್‌ವಿಕ್‌ನ ದೋಣಿಮನೆ, ಡಾಂಬರಿನ ವಾಸನೆ,
ಒಂದೇ ಹೀಟರು; ಅದರ ಮೇಲೆ
ಹಾನುಸ್‌ನ ಒದ್ದೆ ಕೈಗವಸು.

ವಿಷಯ ಒಂದು: ಮುಂದೆ ಯಾವ ದಿಕ್ಕು.
ವಿಷಯ ಎರಡು: ಮುಂದೆ ಯಾರು.

ನಮ್ಮ ತಂತ್ರಾಂಶಕ್ಕೆ ಹತ್ತೊಂಬತ್ತು ವರ್ಷ.
ದ್ವೀಪ ದ್ವೀಪದ ನಡುವೆ ಕಡಲು
ಯಾವ ಗಳಿಗೆಗೆ ಮೂಡಣಕ್ಕೆ ಹರಿದೀತು,
ಯಾವಾಗ ಪಡುವಣಕ್ಕೆ ಹೊರಳೀತು,
ಇಷ್ಟು ಹೇಳುವುದೇ ಅದರ ಕೆಲಸ.
ಯಾರು ಬೇಕಾದರೂ ಒಯ್ಯಬಹುದು, ಬಿಚ್ಚಿ ನೋಡಬಹುದು,
ತಿದ್ದಬಹುದು, ತಿದ್ದಿದ್ದನ್ನು ಪಕ್ಕದವರಿಗೆ ದಾಟಿಸಬಹುದು.
ಹರಿಯುವ ನೀರಿಗೆ
ದೊಣೆನಾಯಕನ ಅಪ್ಪಣೆ ಯಾಕೆ?

ಒಯ್ದವರು ಸಾವಿರಾರು.
ಹುಟ್ಟು ಹಾಕುವವರು ನಾವು ಮೂವರು.
ಕಳೆದ ವರ್ಷ ಯಾವುದೋ ಕಂಪನಿ
ಅದಕ್ಕೆ ನೀಲಿ ಬಣ್ಣ ಬಳಿದು ಮಾರಿತು;
ನಮ್ಮ ಪಾಲಿಗೆ ಬಂದದ್ದು ಅದರ ಗಿರಾಕಿಗಳ ದೂರು.
ಕೊಟ್ಟವ ಕೋಡಂಗಿ, ಗೊಣಗಿದ ಹಾನುಸ್.

ಆಮೇಲೆ ಅವನೇ ಎಂದ:
ಎಲ್ಲ ಕಿತ್ತು ಹೊಸ ಭಾಷೆಯಲ್ಲಿ ಬರೆಯೋಣ,
ಹುಡುಗರು ಬರುತ್ತಾರೆ.
ಬೇಂಟಾ ಹೆಣಿಗೆಯಿಂದ ತಲೆ ಎತ್ತಲಿಲ್ಲ:
ಬರುತ್ತಾರೆ. ಮೊದಲ ಚಳಿಗಾಲಕ್ಕೆ ಹೋಗುತ್ತಾರೆ.
ಅರ್ಧ ಎದ್ದ ಗೋಡೆಗೆ ಸೂರು ಯಾರು ಹೊದಿಸುವುದು,
ನೀನಾ?
ನಾನು ಏನೂ ಅನ್ನಲಿಲ್ಲ.
ಬರೆದುಕೊಳ್ಳುವವಳಿಗೆ ಅದೊಂದು ಅನುಕೂಲ.

ಮುನ್ನೂರ ಹನ್ನೆರಡನೆಯ ಸಾಲಿನ ಮೇಲೆ
ತೋರೋದ್ದುರ್ ಬರೆದಿಟ್ಟ ಟಿಪ್ಪಣಿ ಹಾಗೇ ಇದೆ:
'ಇದು ಯಾಕೆ ಸರಿಬರುತ್ತದೋ ತಿಳಿಯದು. ಮುಟ್ಟಬೇಡಿ.'
ಅವನನ್ನು ಮಣ್ಣು ಮಾಡಿ ನಾಲ್ಕು ವರ್ಷ.
ಯಾರೂ ಮುಟ್ಟಿಲ್ಲ.
ಹೆದರಿಕೆಯೋ ಭಕ್ತಿಯೋ,
ಇಷ್ಟು ದಿನ ತೊಳೆದ ಮೇಲೆ ಎರಡರದೂ ಒಂದೇ ಬಣ್ಣ.

ಭಿತ್ತಿಪತ್ರದ ಮಾತು ಬಂತು.
'ಕೈ ಜೋಡಿಸಿ. ಸುಲಭದ ಕೆಲಸ' ಎಂದು ಬರೆದೆ.
ಸುಲಭವನ್ನು ಬೇಂಟಾ ಹೊಡೆದು ಹಾಕಿದಳು.
'ಕಷ್ಟದ ಕೆಲಸ' ಎಂದು ಬರೆದೆ.
ಅದನ್ನು ಹಾನುಸ್ ಹೊಡೆದ.
ಉಳಿದದ್ದು: ಸಂಬಳವಿಲ್ಲ. ಕಾಫಿ ಇದೆ.

ಬಾಗಿಲು ತಟ್ಟಿದ್ದು ಆಗ.
ಸಾಲ್ಮನ್ ಕಾರ್ಖಾನೆಯ ರಾತ್ರಿಪಾಳಿಯ ಹೆಂಗಸು,
ರಬ್ಬರ್ ಬೂಟಿನ ಮೇಲಿನ್ನೂ ಹೊಳೆಯುವ ಹುರುಪೆ.
ಹೆಸರು ಲುಜ್ವಿಮಿಂಡಾ,
ತನ್ನ ನಾಡಿನ ಮೂರು ದ್ವೀಪಗುಂಪು ಸೇರಿಸಿ
ಅಪ್ಪ ಹೊಲಿದ ಹೆಸರಂತೆ.
ನನಗೆ ಕೋಡು ಬರುವುದಿಲ್ಲ, ಎಂದಳು.
ತಪ್ಪು ಹೇಳಬೇಕಿತ್ತು. ಎಲ್ಲಿ ಹೇಳುವುದು?

ಕೈಯಲ್ಲಿ ಶಾಲೆ ಮಕ್ಕಳ ಗೀಟಿನ ಪುಸ್ತಕ.
ಹದಿನಾಲ್ಕು ತಿಂಗಳು, ಕಾಫಿ ಬಿಡುವಿನಲ್ಲಿ
ಕಿಟಕಿಯಿಂದ ಕಂಡ ನೀರು: ನಿಂತ ಹೊತ್ತು, ತಿರುಗಿದ ಹೊತ್ತು.
ಹೊಸ ಅಲೆತಡೆ ಎದ್ದಂದಿನಿಂದ
ನಾವು ಹೇಳುವ ಗಳಿಗೆಗೂ ನೀರಿನ ಗಳಿಗೆಗೂ
ಹನ್ನೊಂದು ನಿಮಿಷ.
ಗಂಡನ ದೋಣಿ ಚಿಕ್ಕದು, ಎಂದಳು.
ಅಷ್ಟೇ ಎಂದಳು.

ಹಾನುಸ್ ಹೊಸ ಭಾಷೆ ಮರೆತ.
ಬೇಂಟಾ ಸೂಜಿ ಕೆಳಗಿಟ್ಟಳು, ಲೆಕ್ಕ ಹಾಕಿದಳು,
ಮತ್ತೆ ಹಾಕಿದಳು.
ಮುನ್ನೂರ ಹನ್ನೆರಡು, ಎಂದಳು ಮೆಲ್ಲಗೆ,
ಹೆಸರು ಹಿಡಿದು ಹಿರಿಯರನ್ನು ಕರೆದ ಹಾಗೆ.

ರಾತ್ರಿ ಒಂದೂವರೆ. ಹೀಟರಿನ ಮೇಲೆ ನಾಲ್ಕು ಜೊತೆ ಕೈಗವಸು.
ಹಳೆಯ ಟಿಪ್ಪಣಿ ಅಳಿಸಲೇ? ಕೇಳಿದ ಹಾನುಸ್.
ಬೇಡ, ಅಂದೆ (ಸಭೆಯಲ್ಲಿ ನನ್ನ ಮೊದಲ ಮಾತು).
ಅದರ ಕೆಳಗೆ ಬರೆಸಿದೆವು. ಒಂದೊಂದೇ ಕೀಲಿ ಹುಡುಕಿ
ಅವಳೇ ಒತ್ತಿದಳು:
'ಮುಟ್ಟಿದ್ದೇವೆ. ಹನ್ನೊಂದು ನಿಮಿಷ. ಕಿಟಕಿಯಿಂದ ನೋಡಿದ್ದು.'

ವಿಷಯ ಒಂದು ಮುಂದಿನ ಸಭೆಗೆ.
ಭಿತ್ತಿಪತ್ರ ಅಂಟಿಸಿಲ್ಲ; ಟೇಪು ಸಿಗಲಿಲ್ಲ.
ಹೊರಗೆ ನೀರು ತಿರುಗುತ್ತಿರಬೇಕು,
ನಮ್ಮ ಲೆಕ್ಕದ ಪ್ರಕಾರ.