ಸನ್ಯಾಸಿ ಏಡಿ, ಫೆಬ್ರವರಿ

ಕಾರವಾರದಿಂದ ರಾತ್ರಿಯಿಡೀ
ಸೀಟಿನಡಿ ಕುಲುಕುತ್ತ ಬಂದ ಡಬ್ಬಿ.
ಒಳಗೆ ಐವತ್ತು. ಪ್ರತಿ ತಿಂಗಳೂ ಐವತ್ತು.
ಕಲಬುರಗಿಯ ಸ್ಟ್ಯಾಂಡಿನಲ್ಲಿ ಆಟೋದವನು
ಮೂಗು ಮುಚ್ಚಿಕೊಂಡೇ
ಇಪ್ಪತ್ತು ರೂಪಾಯಿ ಜಾಸ್ತಿ ಕೇಳಿದ.

ವೈಸಿನ ಹಲ್ಲಿಗೆ ಚಿಪ್ಪು ಕೊಟ್ಟು ಹಿಡಿ ತಿರುವುತ್ತೇನೆ.
ಹೆಚ್ಚಾದರೆ ಒಳಗಿನದೂ ಹೋಯಿತು,
ಕಡಿಮೆಯಾದರೆ ಬಾಗಿಲೇ ತೆರೆಯದು.
ಚಟ್ ಅಂದ ಕೂಡಲೇ ಕೈ ನಿಲ್ಲಬೇಕು.
ಮೂರು ವರ್ಷದಲ್ಲಿ ಸರಿಯಾಗಿ ಕಲಿತದ್ದು ಇದೊಂದೇ.

ಹೊರಬಂದದ್ದು ಬೆತ್ತಲೆ, ಡೊಂಕು, ಮೆತ್ತಗೆ;
ಎಡ ಮಗ್ಗುಲಿಗೆ ಅಂಟಿದ ಗೊಂಚಲು.
ಕಿತ್ತಳೆಯಾದರೆ ಹೊಸ ಬಸಿರು.
ಬಣ್ಣ ಮಾಸಿ, ಕಾಳಿಗೆರಡು ಕಪ್ಪು ಚುಕ್ಕೆ ಕಂಡರೆ
ಕಣ್ಣು ಮೂಡಿವೆ ಅಂತ,
ಇನ್ನೇನು ಅಲೆಗೆ ಬಿಡುವ ಹೊತ್ತು.

ದೇವಕೆಮ್ಮ ಕಸಬರಿಗೆ ಗೋಡೆಗೊರಗಿಸಿ ಬಗ್ಗುತ್ತಾಳೆ.
"ಇದಕ್ಕ ಏನಂತಾರ್ರಿ ಮೇಡಂ?"
ಸನ್ಯಾಸಿ ಏಡಿ.
"ಸನ್ಯಾಸಿ! ಹೊಟ್ಟಿ ತುಂಬ ತತ್ತಿ!"
ಸೆರಗು ಒತ್ತಿಕೊಂಡು ನಕ್ಕಳು.
"ಯಾವ ಮಠದ್ದರೀ ಇದು?"

ಹೇಳಿದೆ: ಮನೆ ಅದರದಲ್ಲ, ಸತ್ತ ಶಂಖದ್ದು.
ಮಳೆಗಾಲದಲ್ಲಿ ಬಸಿರು ವಿರಳ, ಚಳಿ ಹಿಡಿದ ಮೇಲೆ ಏರುತ್ತದೆ.
ಚಿಪ್ಪು ಇಕ್ಕಟ್ಟಾದರೆ ತತ್ತಿಯೂ ಕಮ್ಮಿ.
ನಗು ಅಲ್ಲಿಗೇ ನಿಂತಿತು.
"ಅದನ್ನ ಒಂದ ಚೀಟಿ ಮ್ಯಾಲ ಬರ್ಕೊಡ್ರಿ.
ಮಗಳು ಬಾಣಂತನಕ್ಕ ಬಂದಾಳ, ಎಂಟು ತುಂಬ್ಯಾವ.
ಒಂದ ಖೋಲಿ, ಆರು ಮಂದಿ.
ಮಾಲಕ ಅಂತಾನ,
ಕೂಸಿಗೂ ಬಾಡಿಗಿ ಹಿಡೀತೀನಿ ಅಂತ."

ಕರೆಂಟು ಹೋಯಿತು.
ತಟ್ಟೆಯನ್ನು ಕಿಟಕಿಗೆ ಒಯ್ದು, ಸೂಜಿ ತುದಿಯಿಂದ ಬಿಡಿಸುತ್ತ
ನಾನೂರ ಹನ್ನೆರಡು, ನಾನೂರ ಹದಿಮೂರು...
ಅಷ್ಟರಲ್ಲಿ ಅವಳು ಬಕೆಟ್ಟು ಚೆಲ್ಲಿದಳು.

ಶಹಾಬಾದಿ ಕಲ್ಲು ಒಮ್ಮೆಲೇ ಕಪ್ಪಾಯಿತು.
ಈ ಹಾಸುಗಲ್ಲೂ ಒಂದು ಕಾಲಕ್ಕೆ ಕಡಲ ತಳದ ಕೆಸರು.
ಚಿಪ್ಪು ಎಂಬುದೇ ಹುಟ್ಟಿರದ ಕಡಲು;
ಯಾರ ಮನೆ ಖಾಲಿಯಾದೀತೆಂದು
ಯಾರೂ ಕಾಯುತ್ತಿರಲಿಲ್ಲ.
ನೀರು ನನ್ನ ಸ್ಟೂಲಿನ ಕಾಲು ಮುಟ್ಟಿ
ಬಾಗಿಲ ಕಡೆ ಜಾರಿ
ಒರೆಸುವ ಮೊದಲೇ ಆರಿಹೋಯಿತು.
ಫೆಬ್ರವರಿಗೇ ಇಂಥ ಬಿಸಿಲು.

ಎಣಿಕೆ ತಪ್ಪಿತು. ಮತ್ತೆ ಒಂದರಿಂದ.

ಸಂಜೆ ವಹಿಯಲ್ಲಿ ಬರೆದದ್ದು:
ಐವತ್ತರಲ್ಲಿ ಹೆಣ್ಣು ಇಪ್ಪತ್ತೆಂಟು, ಬಸಿರು ಹತ್ತೊಂಬತ್ತು.
ಚೀಟಿಯಲ್ಲಿ ಬರೆದದ್ದು:
ಜಾಗ ಇಕ್ಕಟ್ಟಾದರೆ ಸಂತಾನಕ್ಕೆ ತೊಂದರೆ.
ಸಹಿ. ತಾರೀಖು.
ಯಾತಕ್ಕೂ ಇರಲಿ ಅಂತ
ವಿಭಾಗದ ಮೊಹರನ್ನೂ ಒತ್ತಿದೆ.

ಓದಲು ಬಾರದ ದೇವಕೆಮ್ಮ
ಶಾಯಿ ಆರುವವರೆಗೂ ಅದಕ್ಕೆ ಗಾಳಿ ಹಾಕಿದಳು.