ಅರ್ಧ ಹೆಸರು

ರಾತ್ರಿ ಎರಡು ಹತ್ತು. ಫೋನಿನಲ್ಲಿ ಫಿಲೋಮಿನಾ ಸಿಸ್ಟರ್:
'ಎಂತ ಆಯ್ತು ಮಾರಾಯ್ರೆ, ಯಾರನ್ನೂ ಒಳಗೆ ಬಿಡ್ತಿಲ್ಲ ಅದು.'

ಸವಳಂಗ ರಸ್ತೆಯಲ್ಲಿ ನಾಯಿಗಳು, ನಾನು, ನನ್ನ ಸ್ಕೂಟಿ.
ಆಸ್ಪತ್ರೆ ಗೇಟಿನಲ್ಲಿ ಹಾಲಪ್ಪ. ಒಂಬತ್ತು ವರ್ಷ
ಒಂದೇ ಗೂಡಂಗಡಿಯಲ್ಲಿ ಬೈಟು ಕುಡಿದವ,
ಟಾರ್ಚು ಮುಖಕ್ಕೆ ಹಿಡಿದು 'ಕಾರ್ಡು' ಅಂದ.
ತೋರಿಸಿದೆ. ಈ ಕಟ್ಟಡದಲ್ಲಿ ಸದ್ಯ ನಡೆಯುತ್ತಿರುವ
ಗುರುತಿನ ವ್ಯವಸ್ಥೆ ಇದೊಂದೇ ಅನ್ನಿಸಿತು.

ಸರ್ವರ್ ಕೋಣೆಯ ಹೊರಗೆ ಬೆಂಚಿನ ಮೇಲೆ ಯಾರೋ ಹೆಂಗಸು,
ಕೊರಳಲ್ಲಿ ಹೊಸ ಪಟ್ಟಿ, ಮಡಿಕೆಯ ಗೆರೆ ಇನ್ನೂ ಹೋಗಿಲ್ಲ.
ಕಾಲು ಹಿಂದಕ್ಕೆಳೆದು ದಾರಿ ಬಿಟ್ಟಳು. ದಾಟಿ ಹೋದೆ.

ಗುರುತು ಹಿಡಿಯುವ ಸೇವೆ ಬಿದ್ದುಕೊಂಡಿತ್ತು.
ಎಬ್ಬಿಸಿದೆ. ಎದ್ದಿತು, ಹಸಿರಾಯಿತು,
ನಾಲ್ಕು ಸೆಕೆಂಡು. ಸೆಗ್‌ಫಾಲ್ಟ್.
ಮತ್ತೆ ಎಬ್ಬಿಸಿದೆ. ಮತ್ತೆ.
ಐದನೆಯ ಸಲಕ್ಕೆ ಲಿನಕ್ಸೇ ಗದರಿತು:
ಇಷ್ಟು ಬೇಗ ಬೇಗ ಎಬ್ಬಿಸಿದರೆ ನಾನಿನ್ನು ಏಳಿಸುವುದಿಲ್ಲ.
ಜ್ವರದ ಮಕ್ಕಳ ಬಗ್ಗೆ ನಮ್ಮ ದೊಡ್ಡಮ್ಮನೂ ಇದನ್ನೇ ಅನ್ನುತ್ತಿದ್ದಳು.

ಲಾಗ್ ಓದಿದೆ, ಕೆಳಗಿನಿಂದ ಮೇಲಕ್ಕೆ,
ಸಾವಿನ ಮನೆಯಲ್ಲಿ, ಕೊನೆಗೆ ಏನು ತಿಂದಿದ್ದರು
ಅಂತ ಕೇಳುವ ಹಾಗೆ.
ಪ್ರತಿ ಸಲವೂ ಸಾಯುವ ಮೊದಲು ಒಂದೇ ಕೆಲಸ:
ಕ್ಯಾಶ್ ತೆರೆಯುವುದು. ಅದರ ನೆನಪಿನ ಕಡತ.
ಮುನ್ನೂರ ಹನ್ನೆರಡು ಜನರ ಹೆಸರು, ಗುಂಪು, ಗುಪ್ತಪದದ ನೆರಳು.

ತೆಗೆದುಬಿಟ್ಟರೆ ಸೇವೆ ಬದುಕುತ್ತದೆ.
ಆದರೆ ಎಲ್ಲರೂ ಅಪರಿಚಿತರು, ಬೆಂಗಳೂರಿನ ಮೂಲ ಪಟ್ಟಿಯನ್ನು
ಮೊದಲಿನಿಂದ ಕೇಳಿಕೊಳ್ಳಬೇಕು. ಆ ದಾರಿ
ಹನ್ನೆರಡೂವರೆಯಿಂದ ಇಲ್ಲ: ತರೀಕೆರೆ ಹತ್ತಿರ
ಜೆಸಿಬಿ ಕೇಬಲ್ ಕಡಿದಿದೆ. ಗುಂಡಿಯೊಳಗಿಂದ
ಖಲಂದರ್ ಕೂಗಿ ಹೇಳಿದ: 'ಬೆಳಗಾಗ್ತದೆ ಮೇಡಂ.'

ಕೆಟ್ಟ ನೆನಪೋ, ನೆನಪೇ ಇಲ್ಲದಿರುವುದೋ.
ಕರ್ಸರ್ ಮಿಣುಕುತ್ತ ಕೂತಿತು. ನಾನೂ ಕೂತೆ.

ಅಳಿಸಲು ಕೈ ಬರಲಿಲ್ಲ. ಪಕ್ಕದ ಫೋಲ್ಡರಿಗೆ ಸರಿಸಿ
ತಾರೀಖು ಬರೆದಿಟ್ಟೆ. ಸ್ಟಾರ್ಟ್.
ಓಡಿತು. ಐದು ನಿಮಿಷ, ಹತ್ತು,
ಗಟ್ಟಿಮುಟ್ಟಾಗಿ,
ಜಗತ್ತಿನಲ್ಲಿ ಒಬ್ಬರ ಪರಿಚಯವೂ ಇಲ್ಲದೆ.

ರಕ್ತನಿಧಿಗೆ ಹೋದೆ, ಇಷ್ಟೇ ಆಯಿತು ಅಂತ ಹೇಳಲು.
ಸಿಸ್ಟರ್ ಕಪಾಟಿನ ಮೇಲಿಂದ ಇಳಿಸಿದ ರಿಜಿಸ್ಟರಿನಲ್ಲಿ
ಬೆರಳಾಡಿಸುತ್ತಿದ್ದರು. ಹೊಸನಗರದ ಬಾಣಂತಿ, ಓ ನೆಗೆಟಿವ್.
'ಇದ್ದ ಒಂದು ಚೀಲ ಕೊಟ್ಟಾಯ್ತು.
ಇನ್ನೊಂದಕ್ಕೆ ಆಟೋ ಬಶೀರಣ್ಣ ಹೊರಟಿದಾರೆ,
ಅವರ ನಂಬರ್ ನಂಗೆ ಬಾಯಿಪಾಠ.'
ನನ್ನ ಕಡೆ ತಲೆಯೆತ್ತಲೂ ಇಲ್ಲ.

ಐದು ಇಪ್ಪತ್ತಕ್ಕೆ ಖಲಂದರ್ ಗಾಜಿನ ಎಳೆ ಬೆಸೆದ.
ಒಬ್ಬೊಬ್ಬರೇ ಒಳಗೆ ಬರತೊಡಗಿದರು, ಲ್ಯಾಬಿನ ಹುಡುಗ ಮೊದಲು.
ಸುಮ್ಮನಿರಲಾರದೆ ಹಳೆಯ ಕಡತ ಬಿಚ್ಚಿ ನೋಡಿದೆ.
ಎಲ್ಲ ಸರಿ ಇತ್ತು. ಒಂದು ಸಾಲು ಮಾತ್ರ
'ಚನ್ನಬ' ಅಂತ ಬಂದು, ಅಲ್ಲಿಂದ ಮುಂದೆ ಬರೀ ಕಸ.
ಹನ್ನೊಂದು ಐವತ್ತೆಂಟು. ಕರೆಂಟು ಕಣ್ಣು ಮಿಟುಕಿಸಿದ ಹೊತ್ತು.
(ಯುಪಿಎಸ್ ಬ್ಯಾಟರಿಗೆ ನಾನು ಬರೆದ ಪತ್ರ
ಮಾರ್ಚಿನಿಂದ ಯಾರದೋ ಮೇಜಿನ ಮೇಲಿದೆ.)
ಅರ್ಧ ಬರೆದ ಆ ಹೆಸರಿನ ಅಂಚಿಗೆ ಬಂದು
ರಾತ್ರಿಯಿಡೀ ಎಡವಿ ಬೀಳುತ್ತಿತ್ತು ಪಾಪ.

ಬಾಗಿಲು ತೆರೆದರೆ ಬೆಂಚಿನಲ್ಲಿ ಇನ್ನೂ ಅದೇ ಹೆಂಗಸು.
'ಮೇಡಂ, ನನ್ನಿಂದಾನಾ? ಮೊದಲನೇ ದಿನ ಇವತ್ತು.
ಹೆಸರು ಒತ್ತಿದ್ದೇ ತಡ, ಎಲ್ಲ ಕತ್ತಲಾಯ್ತು.'
'ಏನು ಹೆಸರು?'
ಪೂರ್ತಿ ಹೇಳಿದಳು, ಊರಿನ ಸಮೇತ:
ಚನ್ನಬಸಮ್ಮ, ಆನವಟ್ಟಿ.

'ಕರೆಂಟಿನಿಂದ ಆಗಿದ್ದು' ಅಂದೆ, 'ನಿಮ್ಮಿಂದಲ್ಲ.'
ತಲೆಯಾಡಿಸಿದಳು. ನಂಬಲಿಲ್ಲ.
ಕೀಲಿಮಣೆಯ ಮುಂದೆ ಕೂತು ಒಂದೇ ಬೆರಳಿನಲ್ಲಿ
ಹುಡುಕಿ ಹುಡುಕಿ ಒತ್ತಿದಳು,
ಪ್ರತಿ ಅಕ್ಷರಕ್ಕೂ ಒಮ್ಮೆ
ಮೇಲಿನ ಟ್ಯೂಬ್‌ಲೈಟ್ ನೋಡುತ್ತ.